ದೀಪ ಹಚ್ಚಿದ ಮೇಲೆ ವೈಫೈ ಕೊಡಬಾರದು

ನಮ್ಮ ಮನೆಯ ವೈಫೈಗೆ ದೈವಭಕ್ತಿ ಬಂದಿತ್ತು.

ತಮಾಷೆಗೆ ಹೇಳುತ್ತಿಲ್ಲ. ಸಂಜೆ ನಾನು ದೇವರ ಮನೆಯಲ್ಲಿ ಬತ್ತಿ ಸರಿಮಾಡಿ, ಎಣ್ಣೆ ಹಾಕಿ, ದೀಪ ಹಚ್ಚಿ, ಇನ್ನೊಂದು ಪುಟ್ಟ ದೀಪವನ್ನು ಅಂಗಳದ ತುಳಸಿಯ ಮುಂದಿಟ್ಟು ಕೈ ಮುಗಿಯುವಷ್ಟರಲ್ಲಿ ಮಹಡಿಯಿಂದ ಕೂಗು ಬರುತ್ತಿತ್ತು.

"ಅತ್ತಿಗೇ, ಹೋಯ್ತು!"

ಕೂಗುತ್ತಿದ್ದವಳು ನನ್ನ ನಾದಿನಿ ಗಿರಿಜಾ. ಹೋಗುತ್ತಿದ್ದದ್ದು ವೈಫೈ. ಅದರ ಜೊತೆಗೆ ಅವಳ ಕ್ಲಾಸು.

ಗಿರಿಜಾ ನಮ್ಮ ಯಜಮಾನರ ತಂಗಿ. ಅರಕಲಗೂಡಿನ ಕಡೆಗೆ ಕೊಟ್ಟಿದ್ದರು. ಹೋದ ವರ್ಷ ಒಂದು ದಿನ ಸೂಟ್‌ಕೇಸು, ಹೊಲಿಗೆ ಮೆಷಿನ್ನು ಎರಡನ್ನೂ ಆಟೋದಲ್ಲಿ ಹೇರಿಕೊಂಡು ಚನ್ನರಾಯಪಟ್ಟಣದ ನಮ್ಮ ಮನೆಯ ಗೇಟಿನ ಮುಂದೆ ಇಳಿದಳು. ಯಾಕೆ ಬಂದಳು ಎಂದು ನೆಂಟರು ಕೇಳಿದರೆ ನಮ್ಮತ್ತೆ "ಬಂದವಳೆ" ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ನಾನೂ ಅಲ್ಲಿಗೇ ಮುಗಿಸುತ್ತೇನೆ.

ಬಂದವಳು ಸುಮ್ಮನೆ ಕೂರಲಿಲ್ಲ. ಮಹಡಿಯ ಕೋಣೆಯಲ್ಲಿ ಮೇಜು ಹಾಕಿ, ಬಟ್ಟೆ ಒಣಗಿಸುವ ಸ್ಟ್ಯಾಂಡಿಗೆ ಫೋನನ್ನು ತಲೆಕೆಳಗಾಗಿ ಕಟ್ಟಿ, ಬ್ಲೌಸ್ ಕಟಿಂಗ್ ಕ್ಲಾಸ್ ಶುರು ಮಾಡಿದಳು. ವಿಡಿಯೋ ಕಾಲ್‌ನಲ್ಲಿ! ಮೇಲಿನಿಂದ ಫೋನು ನೋಡುತ್ತದೆ, ಕೆಳಗೆ ಇವಳ ಕೈ, ಚಾಕ್‌ಪೀಸು, ಕತ್ತರಿ. ಕಲಿಯುವವರಲ್ಲಿ ಕೊಣನೂರಿನ ನರ್ಸರಿ ಟೀಚರ್ ಇದ್ದಾಳೆ, ಹೊಳೆನರಸೀಪುರದ ಮೆಡಿಕಲ್ ಸ್ಟೋರ್‌ನಲ್ಲಿ ನಿಲ್ಲುವ ಹುಡುಗಿ ಇದ್ದಾಳೆ, ಶ್ರವಣಬೆಳಗೊಳದ ಲಾಡ್ಜಿನ ರಿಸೆಪ್ಷನ್‌ನಲ್ಲಿ ಕೂರುವವಳಿದ್ದಾಳೆ. ಎಲ್ಲರೂ ಹಗಲು ದುಡಿಯುವವರು. ಸಂಜೆ ಮನೆಗೆ ಬಂದು ಕಾಲು ತೊಳೆದ ಮೇಲೆಯೇ ಅವರಿಗೆ ಕತ್ತರಿ ಹಿಡಿಯುವ ಪುರುಸೊತ್ತು.

ಈ ಕ್ಲಾಸು ನಡೆದರೆ ಗಿರಿಜಾ ಟೀಚರ್. ನಡೆಯದಿದ್ದರೆ 'ಅಣ್ಣನ ಮನೇಲಿ ಇರೋಳು'. ಇವೆರಡರ ನಡುವಿನ ವ್ಯತ್ಯಾಸ ಏನು ಎಂದು ಗಂಡಸರು ಕೇಳಬಹುದು. ಹೆಂಗಸರು ಕೇಳುವುದಿಲ್ಲ.

ಮೊಬೈಲ್ ಡೇಟಾ ಇಲ್ಲವೇ ಎನ್ನಬೇಡಿ. ನಮ್ಮ ಬೀದಿಯಲ್ಲಿ ಸಿಗ್ನಲ್ ಬೇಕಾದರೆ ಟೆರೇಸಿನ ವಾಟರ್ ಟ್ಯಾಂಕನ್ನು ಒರಗಿ ನಿಲ್ಲಬೇಕು. ಕೆಳಗಿನ ಹಾಲ್‌ನಲ್ಲೇ ಕೂರಬಹುದಲ್ಲ ಎನ್ನಬೇಡಿ. ಸಂಜೆ ಹಾಲ್‌ಗೆ ನಮ್ಮ ಯಜಮಾನರ ಕೊಬ್ಬರಿ ಮಂಡಿಯ ಜನ ಯಾವಾಗ ಬೇಕಾದರೂ ಬಂದು ಕೂರುತ್ತಾರೆ. ಅವರ ಎದುರು ಬ್ಲೌಸಿನ ಕುತ್ತಿಗೆ ಎಷ್ಟು ಇಳಿಸಬೇಕು ಎಂದು ಪಾಠ ಮಾಡಲು ಸಾಧ್ಯವೇ?

ಹಾಗಾಗಿ ಮಹಡಿ. ಆದರೆ ಹಾಲ್‌ನಲ್ಲಿರುವ ಇಂಟರ್ನೆಟ್ ಡಬ್ಬಿಯ ಸಿಗ್ನಲ್ ಮಹಡಿ ಹತ್ತುವುದಿಲ್ಲ. ನಮ್ಮ ಮಾವನವರು ನಿಂತು ಹಾಕಿಸಿದ ಮೋಲ್ಡು, ಆನೆ ಓಡಾಡಿದರೂ ಅಲುಗದು. ಅದನ್ನು ದಾಟುವುದು ವೈಫೈಗೆ ಆಗುವ ಮಾತೇ? ಅದಕ್ಕೆ ನಮ್ಮ ಮನೆಗೆ ಸಿಸಿಟಿವಿ ಹಾಕಿದ್ದ ನಾಗೇಶನನ್ನು ಕರೆಸಿದೆವು. ಅವನು ಗಿರಿಜಾಳ ಕೋಣೆಯ ಸೂರಿಗೆ ಒಂದು ಬಿಳಿ ತಟ್ಟೆ ಅಂಟಿಸಿದ. ನೋಡಲು ಇಡ್ಲಿ ಪಾತ್ರೆಯ ಮುಚ್ಚಳದಂತಿತ್ತು. "ಆಕ್ಸೆಸ್ ಪಾಯಿಂಟ್" ಎಂದ.

ನಮ್ಮ ಕಡೆ ಪಾಯಿಂಟ್ ಎಂದರೆ ಗೋಡೆಯಲ್ಲಿರುವ ಪ್ಲಗ್ಗು. ಅತ್ತೆ ಸೂರನ್ನೇ ನೋಡಿ ಕೇಳಿದರು. "ಪಾಯಿಂಟು ಅಂತೀಯ, ಪ್ಲಗ್ಗೆಲ್ಲಪ್ಪಾ?"

"ಪ್ಲಗ್ಗೇ ಬ್ಯಾಡ ಕಣಜ್ಜಿ. ಈ ವೈರಲ್ಲೇ ಕರೆಂಟೂ ಬತ್ತದೆ, ನೆಟ್ಟೂ ಬತ್ತದೆ."

"ಊಟಾನೂ ಅದ್ರಲ್ಲೇ, ಮಾತೂ ಅದ್ರಲ್ಲೇ ಅನ್ನು. ನಮ್ ಬಾಯಿದ್ದಂಗೆ."

ಇದಕ್ಕಿಂತ ಚೆನ್ನಾಗಿ ಈ ಟೆಕ್ನಾಲಜಿಯನ್ನು ಯಾರೂ ವಿವರಿಸಿದ್ದನ್ನು ನಾನು ಕೇಳಿಲ್ಲ.

ತಟ್ಟೆಗೆ ಊಟ ಬಡಿಸುವ ಡಬ್ಬಿ ಮೆಟ್ಟಿಲ ಕೆಳಗಿದೆ. ಅದರಲ್ಲಿ ಸಾಲಾಗಿ ತೂತುಗಳು. ಒಂದೊಂದು ತೂತಿಗೆ ಒಂದೊಂದು ವೈರು. ಮೊದಲಿನ ನಾಲ್ಕರಲ್ಲಿ ಆಗಲೇ ನಾಲ್ಕು ಕ್ಯಾಮೆರಾಗಳು ಕೂತಿದ್ದವು. ಒಂದು ಗೇಟಿಗೆ. ಒಂದು ಮನೆ ಹಿಂದಿನ ಗೋಡೌನಿಗೆ. ಒಂದು ಬೀದಿಗೆ. ಇನ್ನೊಂದು ಹಿತ್ತಲಿನ ತೆಂಗಿನ ಸಿಪ್ಪೆಯ ರಾಶಿಗೆ (ಯಾವ ಕಳ್ಳನೂ ಇದುವರೆಗೆ ಅದರ ಮೇಲೆ ಮನಸ್ಸು ಮಾಡಿಲ್ಲ). ನಾಗೇಶ ತಟ್ಟೆಯ ವೈರನ್ನು ಕೊನೆಯ ತೂತಿಗೆ ಚುಚ್ಚಿದ. ಹಸಿರು ದೀಪ ಬಂತು. ಮಹಡಿಯಲ್ಲಿ ವೈಫೈ ಬಂತು. ಕಾಫಿ ಕುಡಿದು ಹೋದ.

ಅದೇ ದಿನ ಸಂಜೆ ಶುರುವಾಯಿತು ನೋಡಿ, "ಅತ್ತಿಗೇ, ಹೋಯ್ತು!"

ಮೊದಲು ಇಂಟರ್ನೆಟ್ ಕಂಪನಿಗೆ ಫೋನ್ ಮಾಡಿದೆ. ಅತ್ತಲಿನ ಹುಡುಗಿಯ ದನಿ ಜೇನಿನಂತಿತ್ತು. "ನಮ್ಮ ಕಡೆಯಿಂದ ಎಲ್ಲಾ ಕ್ಲಿಯರ್ ಇದೆ ಮೇಡಂ. ಒಂದು ಸಲ ಆಫ್ ಮಾಡಿ ಆನ್ ಮಾಡಿ." ಮಾಡಿದೆ. ಅದು ಒಂದು ಸಲ ಆಫ್ ಆಗಿ ಆನ್ ಆಯಿತು. ಅಷ್ಟೇ.

ಯಜಮಾನರಿಗೆ ಹೇಳಿದೆ. ಅವರು ಮಧ್ಯಾಹ್ನ ಊಟಕ್ಕೆ ಬಂದಾಗ ಮಹಡಿ ಹತ್ತಿ, ತಟ್ಟೆಯ ಕೆಳಗೆ ನಿಂತು, ಫೋನಿನಲ್ಲಿ ಒಂದು ವಿಡಿಯೋ ಪೂರ್ತಿ ನೋಡಿ ಇಳಿದು ಬಂದರು.

"ಚೆನ್ನಾಗೇ ಬತ್ತಾ ಅದಲ್ಲ. ನಿಮಗೆ ಬಳಸೋಕೆ ಬರಲ್ಲ, ಅದರ ಮೇಲೆ ಹಾಕ್ತೀರಿ."

"ಸಂಜೆ ಹೋಗುತ್ತೆ ಕಣ್ರೀ."

"ಸಂಜೆ ಹೋಗುತ್ತೆ ಅಂದ್ರೆ? ಅದೇನು ಕೂಲಿಯೋರಾ, ಟೈಮಾಯ್ತು ಅಂತ ಎದ್ದು ಹೋಗೋಕೆ?"

ನಾಗೇಶನೂ ಹಗಲಿನಲ್ಲೇ ಬಂದ. ವೈರು ಬದಲಾಯಿಸಿದ. ತಟ್ಟೆಯನ್ನು ಬಿಚ್ಚಿ, ಊದಿ, ಮತ್ತೆ ಅಂಟಿಸಿದ. "ಲೈಟ್ ಉರೀತದಲ್ಲ ಮೇಡಂ" ಎಂದ. ಉರಿಯುತ್ತಿತ್ತು. ಹಗಲಿನಲ್ಲಿ ಎಲ್ಲವೂ ಸರಿಯಾಗಿ ಉರಿಯುತ್ತಿತ್ತು. ಡಾಕ್ಟರ ಮುಂದೆ ಕೂತ ಕೂಡಲೇ ಮಗುವಿನ ಜ್ವರ ಇಳಿದುಬಿಡುತ್ತದಲ್ಲ, ಹಾಗೆ. ತೋರಿಸಲು ಕಾಯಿಲೆಯೇ ಇಲ್ಲದೆ ನಾವು ಅತ್ತಿಗೆ ನಾದಿನಿಯರು ಸುಳ್ಳು ಹೇಳುವವರಂತೆ ನಿಂತೆವು.

ಅತ್ತೆ ಮಾತ್ರ ನಮ್ಮನ್ನು ನಂಬಿದರು. ಅವರ ಹತ್ತಿರ ಕಾರಣವೂ ಇತ್ತು.

ದೀಪ ಹಚ್ಚಿದ ಮೇಲೆ ಮನೆಯಿಂದ ಹೊರಗೆ ಏನೂ ಕೊಡಬಾರದು ಎಂಬುದು ನಿಮ್ಮ ಮನೆಯಲ್ಲೂ ಇರಬಹುದು. ಉಪ್ಪು ಕೊಡಬಾರದು, ಮೊಸರು ಕೊಡಬಾರದು. ಸೂಜಿಯನ್ನಂತೂ ಕೊಡುವುದಿರಲಿ, ಹೆಸರೂ ಎತ್ತಬಾರದು. ನಮ್ಮ ಬೀದಿಯ ಪ್ರಾವಿಷನ್ ಸ್ಟೋರ್‌ನವರೂ ಕತ್ತಲಾದ ಮೇಲೆ ಸೂಜಿ ಮಾರುವುದಿಲ್ಲ. 'ಇಲ್ಲ' ಎನ್ನುವುದಿಲ್ಲ, ಅದೂ ಅಪಶಕುನ. 'ಬೆಳಗ್ಗೆ ಬನ್ನಿ' ಎನ್ನುತ್ತಾರೆ.

"ಅದುಕ್ಕೂ ಗೊತ್ತಾಯ್ತದೆ ಕಣ್ ಮಗಾ" ಎಂದರು ಅತ್ತೆ ಗಿರಿಜಾಳಿಗೆ. "ದೀಪ ಅಚ್ಚಿದ್ ಮ್ಯಾಲೆ ಸೂಜಿ ಇಡ್ಕಂಡು ಊರೋರ್‌ಗೆಲ್ಲ ಇದ್ಯೆ ಕೊಡ್ತಾ ಕುಂತ್ರೆ, ಮಿಸೀನಾದ್ರೇನು, ಸುಮ್ಕಿದ್ದಾತಾ?"

"ಅವ್ವಾ, ಈಗಿನ್ನೂ ಕಟಿಂಗು. ನಾನು ಹಿಡ್ದಿರೋದು ಕತ್ತರಿ, ಸೂಜಿ ಅಲ್ಲ."

"ಕತ್ರಿ ಇನ್ನೂ ಕೇಡು!"

ನಾನು ಇಂಗ್ಲಿಷ್ ಮೀಡಿಯಂ. ಹಾಸನದ ಕಾನ್ವೆಂಟಿನಲ್ಲಿ ಸಿಸ್ಟರ್ ನಮಗೆ ಮೂಢನಂಬಿಕೆಯ ಮೇಲೆ ಪ್ರಬಂಧ ಬರೆಸಿದ್ದರು. ಅದರಲ್ಲಿ ನನಗೆ ಒಳ್ಳೆಯ ಮಾರ್ಕ್ಸೂ ಬಂದಿತ್ತು. ಆದರೆ ಏನು ಮಾಡಲಿ? ಸಾಕ್ಷಿಯೆಲ್ಲ ಅತ್ತೆಯ ಕಡೆಗಿತ್ತು. ದಿನವೂ ದೀಪ ಹಚ್ಚುತ್ತಿದ್ದೆ, ದಿನವೂ ಹೋಗುತ್ತಿತ್ತು. ಕಡ್ಡಿ ಗೀರುವಾಗ ನನ್ನ ಕೈಯೇ ಸಣ್ಣಗೆ ತಡೆಯತೊಡಗಿತು. ಒಂದು ದಿನ ಗಿರಿಜಾ ಮೇಲಿನಿಂದಲೇ ಕೇಳಿದಳು. "ಅತ್ತಿಗೆ, ಇವತ್ತು ಸ್ವಲ್ಪ ಲೇಟಾಗಿ ಹಚ್ತೀರಾ?" ಹಚ್ಚಲಿಲ್ಲ. ಆದರೂ ಹೋಯಿತು. ಅತ್ತೆಗೆ ಅದಕ್ಕೂ ಉತ್ತರವಿತ್ತು. ನಮ್ಮ ಮನೆಯಲ್ಲಿ ಹಚ್ಚದಿದ್ದರೇನು, ಪಕ್ಕದ ಮನೆಯವರು ಹಚ್ಚಿದ್ದರಲ್ಲ!

ಅತ್ತ ಶಿಷ್ಯೆಯರ ವಾಯ್ಸ್ ಮೆಸೇಜುಗಳು ಬರತೊಡಗಿದವು. ಶ್ರವಣಬೆಳಗೊಳದವಳದ್ದು ಇನ್ನೂ ಕಿವಿಯಲ್ಲಿದೆ. "ಅಕ್ಕಾ, ತೋಳಿನ ಶೇಪು ಹೇಳ್ತಾ ಹೇಳ್ತಾ ಹೊರಟೋದ್ರಿ. ನಾನು ಕತ್ತರಿಸ್ಬುಟ್ಟೆ. ಈಗ ಒಂದ್ ತೋಳು ನಂಗಾಗ್ತದೆ, ಇನ್ನೊಂದು ನಮ್ಮಮ್ಮಂಗಾಗ್ತದೆ." ಗಿರಿಜಾ ನಕ್ಕಳು. ಮತ್ತೆ ಕೇಳಿಸಿಕೊಂಡಳು. ಆಗ ನಗಲಿಲ್ಲ. ನರ್ಸರಿ ಟೀಚರ್ 'ಮುಂದಿನ ತಿಂಗಳು ನೋಡೋಣ ಅಕ್ಕ' ಎಂದು ಬರೆದು, ಎರಡು ಕೈ ಮುಗಿಯುವ ಚಿತ್ರ ಹಾಕಿದ್ದಳು. ಕೈ ಮುಗಿದರೆ ಅರ್ಥ ಗೊತ್ತಲ್ಲ?

ಇದು ಸಾಲದೆಂಬಂತೆ ಹೊಳೆನರಸೀಪುರದಿಂದ ಅತ್ತೆಯ ತಂಗಿಯ ಫೋನು. ಅವರ ಮಗಳಿಗೆ ಹೆರಿಗೆಯಾಗಿತ್ತು. ಸ್ಪೀಕರ್ ಹಾಕದೆಯೇ ಇಡೀ ಮನೆಗೆ ಕೇಳಿಸುವ ಗಂಟಲು ಅವರದು.

"ಎಂಗೂ ಗಿರಿಜಾ ಖಾಲಿ ಅವ್ಳೆ ಅಲ್ವೇನಕ್ಕ. ಬಾಣಂತನ ಮುಗಿಯೋಗಂಟ ಕಳ್ಸು. ಭಾನುವಾರ ಬಂದು ನಾನೇ ಕರ್ಕಂಡೋಯ್ತೀನಿ."

ಅತ್ತೆ 'ಆಯ್ತು' ಎನ್ನಲಿಲ್ಲ. 'ಇಲ್ಲ' ಎಂದೂ ಅನ್ನಲಿಲ್ಲ. "ಬಾ, ಮಾತಾಡವಾ" ಎಂದು ಇಟ್ಟರು. ಗಿರಿಜಾ ಮೆಟ್ಟಿಲ ಮೇಲೆ ನಿಂತಿದ್ದಳು. ಕೊರಳಲ್ಲಿ ಅಳತೆ ಟೇಪು. ಅದರ ತುದಿಯ ತಗಡನ್ನು ಬೆರಳಿನಲ್ಲಿ ಮಡಿಸುತ್ತ, ಬಿಡಿಸುತ್ತ ಇದ್ದಳು. ಬಾಣಂತನ ಕೆಟ್ಟ ಕೆಲಸವೇನಲ್ಲ. ಆದರೆ ಒಮ್ಮೆ 'ಖಾಲಿ' ಎಂದು ಕಳುಹಿಸಿದರೆ ಅದು ಒಂದು ಬಾಣಂತನಕ್ಕೆ ನಿಲ್ಲುವುದಿಲ್ಲ. ನೆಂಟರಲ್ಲಿ ಹೆಣ್ಣುಮಕ್ಕಳಿಗೇನು ಬರವೇ?

ಮಾರನೆಯ ದಿನ ಗುರುವಾರ. ಮಧ್ಯಾಹ್ನದ ಕಾಫಿಯ ಹೊತ್ತಿಗೇ ಮೋಡ ಕವಿದು ಅಂಗಳ ಕಪ್ಪಾಯಿತು. ಒಣಹಾಕಿದ್ದ ಬಟ್ಟೆ ತೆಗೆಯಲು ಓಡಿದೆ. ಸೀರೆಯನ್ನು ತೋಳಿನ ಮೇಲೆ ಎಳೆದುಕೊಳ್ಳುತ್ತ ಹಾಗೇ ತಲೆ ಎತ್ತಿದಾಗ ಗೇಟಿನ ಕ್ಯಾಮೆರಾ ಕಣ್ಣಿಗೆ ಬಿತ್ತು. ಅದರ ಗಾಜಿನ ಸುತ್ತ ಮಂದವಾಗಿ ಕೆಂಪು ಚುಕ್ಕಿಗಳು ಮೂಡಿದವು. ದಾಳಿಂಬೆಯ ಕಾಳು ಜೋಡಿಸಿದ ಹಾಗೆ. ತಿರುಗಿ ನೋಡಿದೆ. ಗೋಡೌನಿನದಕ್ಕೂ ಮೂಡಿದವು.

"ಅತ್ತಿಗೇ, ಹೋಯ್ತು!"

ಗಿರಿಜಾ ಮೇಲೆ ಯಾವುದೋ ಡಿಸೈನ್ ನೋಡುತ್ತಿದ್ದಳು. ನಾನು ಬಟ್ಟೆಯ ರಾಶಿಯೊಂದಿಗೆ ಹಾಗೇ ನಿಂತೆ. ದೀಪ ಹಚ್ಚಿರಲಿಲ್ಲ. ಪಕ್ಕದ ಮನೆಯವರೂ ಹಚ್ಚಿರಲಿಲ್ಲ, ಅವರ ಮನೆಗೆ ಬೀಗ. ಸೂಜಿಯನ್ನು ಯಾರೂ ಮುಟ್ಟಿರಲಿಲ್ಲ. ದಿನವೂ ತುಳಸಿಯ ಮುಂದೆ ಕೈ ಮುಗಿಯುವಾಗ ತಲೆಯ ಮೇಲೆ ಈ ಕೆಂಪು ಚುಕ್ಕಿಗಳನ್ನು ನೋಡುತ್ತಲೇ ಇದ್ದೆನಲ್ಲ? ನೋಡಿದ್ದೆ. ಕೂಡಿಸಿ ನೋಡಿರಲಿಲ್ಲ.

ಬಟ್ಟೆಯನ್ನು ದಿವಾನದ ಮೇಲೆ ಎಸೆದು ಮೆಟ್ಟಿಲ ಕೆಳಗೆ ಬಗ್ಗಿದೆ. ಡಬ್ಬಿಯಲ್ಲಿ ನಾಲ್ಕು ಹಸಿರು ದೀಪಗಳು ಉರಿಯುತ್ತಿದ್ದವು. ಕೊನೆಯದು ಆರಿತ್ತು. ದೇವರೇ ಎಂದುಕೊಂಡು ತೆಂಗಿನ ಸಿಪ್ಪೆಯ ಕ್ಯಾಮೆರಾದ ವೈರನ್ನು ಕಿತ್ತೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಕೊನೆಯ ದೀಪ ಮಿಣುಕಿತು.

"ಅತ್ತಿಗೇ, ಬಂತು!"

ವೈರನ್ನು ಮತ್ತೆ ಚುಚ್ಚಿದೆ. "ಹೋಯ್ತು!" ಕಿತ್ತೆ. "ಬಂತು!"

ಅತ್ತೆ ಅಡುಗೆ ಮನೆಯಿಂದ ಬಂದರು. "ಏನ್ರೇ ಇದು, ಒಬ್ಳು ಮ್ಯಾಲೆ ಬಂತು ಓಯ್ತು ಅಂತ ಬಡ್ಕತಾವ್ಳೆ, ಇನ್ನೊಬ್ಳು ಮೆಟ್ಲ್ ಕೆಳುಗೆ ತಲೆ ಇಟ್ಟವ್ಳೆ?"

ನಾಗೇಶನಿಗೆ ಫೋನ್ ಮಾಡಿ ಹೇಳಿದೆ. ಅವನಿಗೆ ಆಶ್ಚರ್ಯವೇ ಆಗಲಿಲ್ಲ.

"ಔದು ಮೇಡಂ. ಕತ್ತಲಾದ್ರೆ ಕ್ಯಾಮೆರಾಗಳು ನೈಟ್ ಲೈಟ್ ಆಕ್ಕಂತವೆ. ಆಗ ಜಾಸ್ತಿ ಕರೆಂಟ್ ಎಳೀತವೆ. ಡಬ್ಬಿ ಒಟ್ಟು ಕೊಡೋದೇ ಇಷ್ಟು ಅಂತ ಇರ್ತದೆ. ಸಾಲ್ದೆ ಬಂದ್ರೆ ಕೊನೇ ತೂತಲ್ಲಿರೋದನ್ನ ಆಫ್ ಮಾಡ್ಬುಡ್ತದೆ."

"ಕೊನೆಯದನ್ನೇ ಯಾಕೆ?"

"ಅದು ಕೊನೇಲಿ ಬಂದಿದ್ದಲ್ವಾ ಮೇಡಂ."

ಎಷ್ಟು ಸಹಜವಾಗಿ ಹೇಳಿದ! ಇದನ್ನು ಕೇಳಬೇಕೇ ಎನ್ನುವ ಹಾಗೆ.

ಫೋನಿಟ್ಟು ಸ್ವಲ್ಪ ಹೊತ್ತು ಆ ಡಬ್ಬಿಯನ್ನು ನೋಡುತ್ತ ಕೂತೆ. ಯಾವ ದೇಶದ ಫ್ಯಾಕ್ಟರಿಯಲ್ಲಿ ಹುಟ್ಟಿತೋ ಏನೋ. ನಮ್ಮ ಮನೆಗಳ ನಡವಳಿಕೆಯನ್ನು ಅದಕ್ಕೆ ಯಾರು ಹೇಳಿಕೊಟ್ಟರು? ಸಾಲದೆ ಬಂದಾಗ ಎಲ್ಲರಿಗೂ ಸ್ವಲ್ಪ ಸ್ವಲ್ಪ ಕಡಿಮೆ ಬಡಿಸೋಣ ಎಂದು ಅದಕ್ಕೆ ಹೊಳೆಯುವುದಿಲ್ಲ. ಮೊದಲು ಕೂತವರಿಗೆ ಪೂರ್ತಿ. ಕೊನೆಗೆ ಬಂದವರ ಎಲೆಯನ್ನೇ ಎತ್ತಿಬಿಡುವುದು. ಮದುವೆ ಮನೆಯ ಕೊನೆಯ ಪಂಕ್ತಿಯಲ್ಲಿ ಕೂತು, ಅಷ್ಟೊತ್ತೂ ಓಡಾಡಿ ಬಡಿಸಿದ ಹೆಂಗಸರೆಲ್ಲ ತಳದ ಪಾಯಸಕ್ಕೆ ಬಿಸಿನೀರು ಬೆರೆಸಿಕೊಂಡು ಉಂಡದ್ದನ್ನು ನೀವೂ ನೋಡಿದ್ದೀರಲ್ಲವೇ? 'ನಮಗೆ ಇಷ್ಟೇ ಸಾಕು' ಎಂದೂ ನಾವೇ ಹೇಳುತ್ತೇವೆ. ಬಿಳಿ ತಟ್ಟೆ ಅಷ್ಟು ಕೂಡ ಹೇಳುವುದಿಲ್ಲ. ಸುಮ್ಮನೆ ಆರಿಹೋಗುತ್ತದೆ. ಕೊನೆಗೆ ಬಯ್ಯಿಸಿಕೊಳ್ಳುವುದೂ ಅದೇ.

ಪರಿಹಾರ ಕಷ್ಟದ್ದೇನಾಗಿರಲಿಲ್ಲ. "ಇಂಜೆಕ್ಟರ್ ಅಂತ ಚಿಕ್ಕದೊಂದು ಬತ್ತದೆ ಮೇಡಂ" ಎಂದಿದ್ದ ನಾಗೇಶ. "ಡಬ್ಬಿಗೂ ತಟ್ಟೆಗೂ ಮಧ್ಯ ಆಕಿದ್ರೆ ತಟ್ಟೆಗೆ ಬ್ಯಾರೆ ಕರೆಂಟ್ ಕೊಡ್ತದೆ. ಆಸನದಿಂದ ತರ್ಬೇಕು. ಸಾರ್ ಊಂ ಅಂದ್ರೆ ತಂದ್ಬುಡ್ತೀನಿ."

ಸಾರ್ ಹೂಂ ಅಂದರೆ. (ಫೋನ್ ಮಾಡಿದವಳು ನಾನು. ಕಾಯಿಲೆ ಕಂಡುಹಿಡಿದವಳು ನಾನು. ಹೂಂ ಅನ್ನುವ ತೂತು ಮಾತ್ರ ನನ್ನದಲ್ಲ.)

ಆ ರಾತ್ರಿ ಊಟಕ್ಕೆ ಕೂತಾಗ ಸಾರ್ ಅವರಿಗೆ ಎಲ್ಲವನ್ನೂ ವಿವರಿಸಿದೆ. ಗಮನವಿಟ್ಟೇ ಕೇಳಿದರು. "ಪರ್ವಾಗಿಲ್ಲ ಕಣೆ, ಇಂಜಿನಿಯರ್ ಆಗ್ಬೇಕಿತ್ತು ನೀನು" ಎಂದು ಮೆಚ್ಚಿದರು. ಆಮೇಲೆ "ನೋಡೋಣ" ಎಂದರು.

'ನೋಡೋಣ' ಎಂಬ ಪದದ ಮೇಲೆ ಯಾರಾದರೂ ಸಂಶೋಧನೆ ಮಾಡಬೇಕು. ಅದರಲ್ಲಿ ಬೈಗುಳವಿಲ್ಲ, ನಿರಾಕರಣೆಯಿಲ್ಲ, ಜಗಳ ತೆಗೆಯಲು ಜಾಗವೇ ಇಲ್ಲ. ಅಂಗಡಿಯವರ 'ಬೆಳಗ್ಗೆ ಬನ್ನಿ' ಇದೆಯಲ್ಲ, ಅದರ ಅಣ್ಣ. ಬೆಳಗ್ಗೆಯಾದರೂ ಬರುತ್ತದೆ, 'ನೋಡೋಣ' ಬರುವುದೇ ಇಲ್ಲ.

"ಹಾಗಾದ್ರೆ ಅಲ್ಲೀವರೆಗೆ ಒಂದು ಕ್ಯಾಮೆರಾ ತೆಗೆದಿಡೋಣ. ಸಂಜೆ ಕ್ಲಾಸಿನ ಹೊತ್ತು ಮಾತ್ರ" ಎಂದೆ.

"ಯಾವ್ದು ತೆಗೀತೀಯ?"

"ಸಿಪ್ಪೆ ರಾಶೀದು."

"ಸಿಪ್ಪೆಗೂ ಈಗ ಬೆಲೆ ಅದೆ ಕಣೆ."

"ಬೀದೀದು?"

ಇದಕ್ಕೆ ಅಡ್ಡ ಬಂದವರು ಅತ್ತೆ. "ಬೀದಿದ್ ಬ್ಯಾಡ." ಹಾಲ್‌ನ ಟಿವಿಯಲ್ಲಿ ಕ್ಯಾಮೆರಾಗಳ ಚಿತ್ರ ಬರುತ್ತದೆ. ಯಾರು ಯಾರ ಮನೆಗೆ ಹೋದರು, ಎಷ್ಟು ಹೊತ್ತಿಗೆ ಎದ್ದರು ಎಂಬುದು ಅತ್ತೆಗೆ ಯಾವ ಧಾರಾವಾಹಿಗಿಂತ ಹೆಚ್ಚು ರುಚಿ. (ಇದರಲ್ಲಿ ಜಾಹೀರಾತೂ ಇಲ್ಲ.)

ಗಿರಿಜಾ ಊಟದ ತಟ್ಟೆಯ ಮೇಲೆ ಬೆರಳಿನಿಂದ ಗೆರೆ ಎಳೆಯುತ್ತ ಹೇಳಿದಳು. "ನಾಳೆ ಶುಕ್ರವಾರ ತೋಳಿನ ಪಾಠ ಮತ್ತೆ ಮಾಡ್ತೀನಿ ಅಂದಿದೀನಣ್ಣ. ನಾಳೇನೂ ನಿಂತ್ರೆ ಎಲ್ರೂ ಬಿಟ್ಬುಡ್ತಾರೆ."

"ಮಧ್ಯಾಹ್ನಕ್ಕಿಟ್ಕೋ."

"ಅವ್ರೆಲ್ಲ ಕೆಲಸಕ್ಕೋಗೋರು."

"ಭಾನುವಾರ ಇಟ್ಕೋ."

"ಭಾನುವಾರ ಚಿಕ್ಕವ್ವ ಬಂದು ಕರ್ಕೊಂಡೋಗ್ತಾರಂತೆ, ಬಾಣಂತನಕ್ಕೆ."

ಯಜಮಾನರು ಮಜ್ಜಿಗೆ ಸುರಿದುಕೊಂಡು ಅನ್ನ ಕಲಸಿದರು. ಕೆಟ್ಟವರಲ್ಲ. ತಂಗಿಯ ಮೇಲೆ ಅವರಿಗೆ ಪ್ರೀತಿಯಿದೆ. ಆ ಪ್ರೀತಿಯಿಂದಲೇ ಹೇಳಿದರು.

"ಹೋಗಿದ್ದು ಬಾ. ನಿಂಗೂ ಒಂದು ಚೇಂಜ್ ಆಗ್ತದೆ."

ಬಾಣಂತಿಯ ಬಟ್ಟೆ ಒಗೆಯುವುದು, ಮಗುವಿಗೆ ಎಣ್ಣೆ ನೀರು, ಹಂಡೆ ಒಲೆಗೆ ಸೌದೆ. ಚೇಂಜು! ಗಿರಿಜಾ ಎದ್ದು ಎಲ್ಲರ ತಟ್ಟೆ ತೆಗೆದಳು.

ಶುಕ್ರವಾರ ಸಂಜೆ ನಾನು ದೇವರ ಮನೆಯಿಂದ ದೀಪ ಹಿಡಿದು ಹೊರಗೆ ಬರುತ್ತಿದ್ದೆ. ಮೆಟ್ಟಿಲ ಕೆಳಗೆ 'ಟಕ್' ಎಂದು ಸಣ್ಣ ಸದ್ದು. ಇಣುಕಿದೆ. ಗಿರಿಜಾ ಡಬ್ಬಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದಳು. ಒಂದು ಕೈಯಲ್ಲಿ ಗೇಟ್ ಕ್ಯಾಮೆರಾದ ವೈರು, ಇನ್ನೊಂದರಲ್ಲಿ ಬಿಳಿ ತಟ್ಟೆಯ ವೈರು.

"ಅತ್ತಿಗೆ, ಮೊದಲ್ನೇದು ಇದೇ ತಾನೆ?"

ನನ್ನ ಕೈಯ ದೀಪ ಗಾಳಿಗೆ ಹೊಯ್ದಾಡಿತು. ಅಂಗೈ ಅಡ್ಡ ಹಿಡಿದೆ. "ಇದೇ" ಎಂದೆ.

ತಟ್ಟೆಯದನ್ನು ಮೊದಲನೆಯ ತೂತಿಗೆ ಒತ್ತಿದಳು. ಟಕ್. ಗೇಟಿನದನ್ನು ಕೊನೆಯದಕ್ಕೆ. ಟಕ್. ಸೆರಗು ಕೊಡವಿಕೊಂಡು ಮಹಡಿ ಹತ್ತಿದಳು. ಯಾರನ್ನೂ ಕೇಳಲಿಲ್ಲ.

ನಾನು ತುಳಸಿಯ ಮುಂದೆ ದೀಪವಿಟ್ಟು, ಕೈ ಮುಗಿದು, ತಲೆ ಎತ್ತಿ ಕಾದೆ. ಕೆಂಪು ಚುಕ್ಕಿಗಳು ಮೂಡಿದವು. ಗೋಡೌನಿಗೆ ಮೂಡಿದವು, ಬೀದಿಗೆ ಮೂಡಿದವು. ಗೇಟಿನದು ಮೂಡಿದಂತೆ ಮಾಡಿ ಆರಿಹೋಯಿತು. ಮೇಲಿನಿಂದ ಕೂಗು ಬರಲಿಲ್ಲ. ಬಂದದ್ದು ಪಾಠ. "ಮುಂಭಾಗದ ಶೇಪು ಜಾಸ್ತಿ ಒಳಕ್ಕೆ ಬರ್ಬೇಕು. ಹಿಂದಿಂದು ಇಷ್ಟೇ. ಎಲ್ರೂ ಗುರ್ತು ಹಾಕಿದ್ರಾ? ತೋರಿಸಿ."

"ಗೇಟೇ ಇಲ್ವಲ್ಲೇ!" ಎಂದು ಹಾಲ್‌ನಿಂದ ಅತ್ತೆ. ಟಿವಿಯಲ್ಲಿ ಮೂರು ಚಿತ್ರಗಳು, ಒಂದು ಕಪ್ಪು ಚೌಕ. ನಾನು ಹೋಗಿ ನಿಜವನ್ನೇ ಹೇಳಿದೆ. ಅತ್ತೆ ಕಪ್ಪು ಚೌಕವನ್ನು ನೋಡಿದರು. ಮಹಡಿಯ ಕಡೆ ಕಿವಿಗೊಟ್ಟರು. ಗಿರಿಜಾ ಯಾರಿಗೋ ಗದರುತ್ತಿದ್ದಳು. "ನಾನು ಹೇಳೋಗಂಟ ಕತ್ತರಿ ಮುಟ್ಬ್ಯಾಡ ಅಂದಿರ್ಲಿಲ್ವಾ?" ಮನೆಗೆ ಬಂದಾಗಿನಿಂದ ಆ ದನಿಯನ್ನು ನಾವು ಕೇಳಿರಲಿಲ್ಲ. ಅತ್ತೆ ಟಿವಿ ಆರಿಸಿದರು. ಬೆಳ್ಳುಳ್ಳಿಯ ಮೊರವನ್ನು ಎತ್ತಿಕೊಂಡು ಹೋಗಿ ಮೆಟ್ಟಿಲ ಕೆಳಗಿನ ಡಬ್ಬಿಗೆ ಅಡ್ಡಲಾಗಿ ಮಣೆ ಹಾಕಿ ಕೂತರು.

ಯಜಮಾನರು ಬರಲು ಬಹಳ ಹೊತ್ತಾಗಲಿಲ್ಲ. ಮಂಡಿಯಲ್ಲಿ ಕೂತು ಫೋನಿನಲ್ಲಿ ಗೇಟು ನೋಡುವುದು ಅವರ ಅಭ್ಯಾಸ. ಚಪ್ಪಲಿಯಲ್ಲೇ ಒಳಗೆ ಬಂದರು.

"ಗೇಟ್ ಕ್ಯಾಮೆರಾ ಹೋಗಿದೆ! ಯಾರು ಮುಟ್ಟಿದ್ದು? ಅವ್ವಾ, ಏಳು, ಮೊದ್ಲು ಆ ವೈರ್ ಹಾಕ್ಬೇಕು."

ಅತ್ತೆ ಏಳಲಿಲ್ಲ. ಬೆಳ್ಳುಳ್ಳಿಯ ಸಿಪ್ಪೆ ಊದಿದರು.

"ದೀಪ ಅಚ್ಚಾಯ್ತು ಕಣಪ್ಪ. ಈಗ್ ಕೊಡಾಕಾಗಕಿಲ್ಲ. ಬೆಳುಗ್ಗೆ ನೋಡು."

"ಅವ್ವಾ, ಅದು ಉಪ್ಪಲ್ಲ, ಕರೆಂಟು!"

"ಉಪ್ಪಾದ್ರೆ ಪಕ್ಕದ್ ಮನೇಲಿ ಕೇಳ್ಬೋದಿತ್ತು."

ಯಜಮಾನರು ನನ್ನ ಕಡೆ ನೋಡಿದರು. ನಾನು ಕಾನ್ವೆಂಟಿನಲ್ಲಿ ಕಲಿತ ಹಾಗೆ ವಿನಯವಾಗಿ ನಿಂತಿದ್ದೆ. ಅವರು ಅಲ್ಲೇ ನಿಂತು ನಾಗೇಶನಿಗೆ ಫೋನ್ ಮಾಡಿದರು. 'ನೋಡೋಣ' ಎನ್ನಲಿಲ್ಲ.

ಶನಿವಾರ ಬೆಳಗಿನ ತಿಂಡಿಯ ಹೊತ್ತಿಗೆ ಇಂಜೆಕ್ಟರ್ ಹಾಸನದಿಂದ ಬಂದು ಮೆಟ್ಟಿಲ ಕೆಳಗೆ ಕೂತಿತ್ತು. ಅಂಗೈಯಷ್ಟಗಲದ ಕಪ್ಪು ಡಬ್ಬಿ. ದಿನಗಟ್ಟಲೆ ಮಹಡಿ ಕತ್ತಲಾದಾಗ ಸಿಗದದ್ದು, ಗೇಟು ಒಂದು ಸಂಜೆ ಕತ್ತಲಾದರೆ ಸಿಗುತ್ತದೆ. ಅತ್ತೆ ಅದನ್ನು 'ಇಂಜೆಕ್ಷನ್ನು' ಎನ್ನುತ್ತಾರೆ. ತಪ್ಪೇನಿಲ್ಲ. ಆದರೆ ಚುಚ್ಚಬೇಕಾಗಿದ್ದು ತಟ್ಟೆಗೋ ನಮ್ಮ ಯಜಮಾನರಿಗೋ ಎಂಬುದರಲ್ಲಿ ನನಗೆ ಅನುಮಾನವಿದೆ.

ಭಾನುವಾರ ಹೊಳೆನರಸೀಪುರದ ಚಿಕ್ಕತ್ತೆ ಬಂದರು. ಊಟ ಮಾಡಿದರು. ಎಲೆ ಅಡಿಕೆ ಹಾಕಿಕೊಂಡು ವಿಷಯಕ್ಕೆ ಬಂದರು. ಅತ್ತೆ ಒಂದೇ ಮಾತಿನಲ್ಲಿ ಮುಗಿಸಿದರು. "ಅವ್ಳು ಖಾಲಿ ಇಲ್ಲ ಕಣೆ." ಚಿಕ್ಕತ್ತೆ ಮುಖ ಸಣ್ಣ ಮಾಡಿಕೊಂಡರು. ಆದರೂ ಹೊರಡುವಾಗ ಚೀಲದಿಂದ ಎರಡು ಬ್ಲೌಸ್ ಪೀಸು ತೆಗೆದು ಗಿರಿಜಾಳ ಕೈಗಿಟ್ಟರು. ಖಾಲಿ ಇಲ್ಲದವರಿಗೆ ತಾನೆ ಕೆಲಸ ಕೊಡಬೇಕು?

ನರ್ಸರಿ ಟೀಚರ್ ವಾಪಸು ಬಂದಿದ್ದಾಳೆ. ಲಾಡ್ಜಿನವಳ ಎರಡೂ ತೋಳು ಈಗ ಅವಳಿಗೇ ಆಗುತ್ತವೆ. ಸಂಜೆ ಅತ್ತೆ ಬೀದಿ ನೋಡುತ್ತಾರೆ, ಯಜಮಾನರು ಗೇಟು ನೋಡುತ್ತಾರೆ, ನಾನು ನಿಶ್ಚಿಂತೆಯಿಂದ ಕಡ್ಡಿ ಗೀರುತ್ತೇನೆ.

ಹೇಳಲು ಮರೆತೆ. ಶನಿವಾರ ಕೆಲಸ ಮುಗಿಸಿ ಎದ್ದ ನಾಗೇಶ ಡಬ್ಬಿಯನ್ನು ನೋಡಿ ತಲೆ ಕೆರೆದುಕೊಂಡ. "ಅಲ್ಲ ಮೇಡಂ, ಈಗ ಎಲ್ಲಾರ್ಗೂ ಸಾಕಾಗಂಗೆ ಅದೆ. ಗೇಟ್ ಕ್ಯಾಮೆರಾನ ಮೊದಲ್ನೇದಕ್ಕೇ ಆಕ್ಬುಡ್ಲಾ, ಮುಂಚೆ ಇದ್ದಂಗೆ?"

ಗಿರಿಜಾ ಮೆಟ್ಟಿಲ ಮೇಲಿನಿಂದಲೇ ಹೇಳಿದಳು.

"ಬ್ಯಾಡ ಬಿಡಿ ನಾಗೇಶಣ್ಣ, ಅದು ಕೊನೇಲೇ ಇರ್ಲಿ. ಅದುಕ್ಕೂ ಅಭ್ಯಾಸ ಆಗ್ಲಿ."